ಕರೆಂಟ್ ಹೊಡೆದ ಮೇಲೆ ಹೃದಯದ ತಪಾಸಣೆ ಹೇಗೆ?

ಚಳ್ಳಕೆರೆ, ಹಿರಿಯೂರು ಕಡೆಯ ಬೋರ್‌ವೆಲ್ ಹೊಲಗಳಲ್ಲೂ ಚನ್ನಗಿರಿಯ ಅಡಿಕೆ ತೋಟಗಳಲ್ಲೂ ಹೊತ್ತಲ್ಲದ ಹೊತ್ತಿನಲ್ಲಿ ತ್ರೀ ಫೇಸ್ ಬಂದಾಗ ಒದ್ದೆ ಕೈಯಲ್ಲೇ ಸ್ಟಾರ್ಟರ್ ಮುಟ್ಟಿ ಶಾಕ್ ಹೊಡೆಸಿಕೊಂಡವರಿದ್ದಾರೆ. ಕೆಲವರು ಕೈ ಕೊಡವಿಕೊಂಡು ನೀರು ಕಟ್ಟಲು ಹೋಗುತ್ತಾರೆ. ಕೆಲವರು ಎಂದೋ ಹೊಡೆದ ಕರೆಂಟಿನಿಂದ ಹೃದಯ ಕೆಟ್ಟಿದೆಯೆಂದು ವರ್ಷಗಟ್ಟಲೆ ಅಂಜುತ್ತಾರೆ. ಇಬ್ಬರಿಗೂ ಬೇಕಾದದ್ದು ಅದೇ ದಿನ ತೆಗೆಸಿದ ಒಂದು ಇಸಿಜಿ, ಅಂದರೆ ಹೃದಯ ಬಡಿತದ ಲಯವನ್ನು ಕಾಗದದ ಮೇಲೆ ಗೆರೆಗಳಾಗಿ ತೋರಿಸುವ ಪರೀಕ್ಷೆ.

ಮೊದಲು ಮೈನ್ ಆಫ್ ಮಾಡಿ. ಅದಕ್ಕೂ ಮುನ್ನ ಬಿದ್ದವರನ್ನು ಮುಟ್ಟಬೇಡಿ. 11 ಕೆ.ವಿ. ತಂತಿ ಹರಿದು ಬಿದ್ದಿದ್ದರೆ ಹತ್ತಿರವೇ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿ. ಕರೆಂಟ್ ನಿಂತ ಮೇಲೂ ಅವರು ಉಸಿರಾಡದಿದ್ದರೆ 108ಕ್ಕೆ ಕರೆ ಮಾಡಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ, ಆಂಬುಲೆನ್ಸ್ ಬರುವವರೆಗೆ ಒತ್ತುತ್ತಿರಿ. ಹೃದಯ ಬಡಿಯುವುದು ತನ್ನದೇ ಸಣ್ಣ ವಿದ್ಯುತ್ತಿನಿಂದ; 50 ಹರ್ಟ್ಸ್‌ನ ಹೊರಗಿನ ಕರೆಂಟ್ ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹರಿದರೆ ಆ ಲಯ ಕದಡಿ, ಹೃದಯ ರಕ್ತವನ್ನು ತಳ್ಳಲಾರದೆ ಬರೀ ಅದುರತೊಡಗಬಹುದು.

ಆಸ್ಪತ್ರೆಯಲ್ಲಿ ಯಾವ ಲೈನ್, ಎಲ್ಲಿ ತಗುಲಿತು, ಮೈ ಒದ್ದೆಯಿತ್ತೇ, ಕ್ಷಣಕಾಲವಾದರೂ ಎಚ್ಚರ ತಪ್ಪಿತ್ತೇ ಎಂಬುದನ್ನು ತಪ್ಪದೆ ಹೇಳಿ. ಮನೆಯ 230 ವೋಲ್ಟ್ ತಗುಲಿ, ಎಚ್ಚರ ತಪ್ಪದೆ, ಇಸಿಜಿಯೂ ಸರಿಯಿದ್ದರೆ ಮುಂದೆ ಲಯ ತಪ್ಪುವುದು ಅಪರೂಪವಾದ್ದರಿಂದ ವೈದ್ಯರು ಸಾಮಾನ್ಯವಾಗಿ ಮನೆಗೆ ಕಳುಹಿಸುತ್ತಾರೆ. ಎಚ್ಚರ ತಪ್ಪಿದ್ದರೆ, ಹೈ ವೋಲ್ಟೇಜ್ ತಗುಲಿದ್ದರೆ, ಮೊದಲೇ ಹೃದ್ರೋಗವಿದ್ದರೆ ಅಥವಾ ಇಸಿಜಿಯಲ್ಲಿ ವ್ಯತ್ಯಾಸ ಕಂಡರೆ ಮಾನಿಟರ್ ಹಾಕಿ ನಿಗಾದಲ್ಲಿಡುವುದು ಅಗತ್ಯ. ಆಗ 'ಚೆನ್ನಾಗಿದ್ದೇನೆ' ಎಂದು ಎದ್ದು ಬರಬೇಡಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಸ್ನಾಯುಗಳು ಸುಟ್ಟಿರಬಹುದು, ಅದು ಕಿಡ್ನಿಗೆ ಅಪಾಯ.

ದೀರ್ಘಕಾಲದ ಮಾತಿಗೆ ಬಂದರೆ, ಹೃದಯಕ್ಕಿಂತ ನರಗಳ ನೋವು, ಜೋಮು, ನಿದ್ದೆಗೇಡು ಮತ್ತು ಭಯವೇ ಹೆಚ್ಚು ಕಾಲ ಕಾಡುತ್ತವೆ. ಆ ಭಯವೂ ಎದೆ ಬಡಿತವನ್ನು ಏರಿಸಬಲ್ಲದು, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೂ ತೀವ್ರ ಆಘಾತದಲ್ಲಿ ಹೃದಯದ ಸ್ನಾಯು ಗಾಯಗೊಂಡಿದ್ದರೆ ಅಲ್ಲಿ ಕಲೆ ಉಳಿದು, ಲಯದ ತೊಂದರೆ ಮುಂದುವರಿಯಬಹುದು. ತಿಂಗಳುಗಳ ನಂತರ ತಲೆಸುತ್ತಿ ಬೀಳುವುದು, ಬಡಿತ ತಪ್ಪುವುದು, ನಡೆದರೆ ಏದುಸಿರು ಬರುವುದು ಕಂಡರೆ ಹೃದ್ರೋಗ ತಜ್ಞರಲ್ಲಿ ಎಕೋ (ಹೃದಯದ ಸ್ಕ್ಯಾನ್) ಮತ್ತು 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಂಡು ಬಡಿತ ದಾಖಲಿಸುವ ಸಣ್ಣ ಯಂತ್ರ) ಪರೀಕ್ಷೆಯ ಬಗ್ಗೆ ವಿಚಾರಿಸಿ.

ಹಳೆಯ ಇಸಿಜಿಯನ್ನು ಜೊತೆಗೊಯ್ದರೆ ಅವರು ಹೊಸದನ್ನು ಅದಕ್ಕೆ ಹೋಲಿಸಿ ನೋಡಬಲ್ಲರು. ಆ ಕಾಗದದ ಗೆರೆಗಳು ಬಿಸಿಲಿಗೆ, ಕಾಲಕ್ಕೆ ಮಾಸಿಹೋಗುವುದರಿಂದ ಆಸ್ಪತ್ರೆಯಿಂದ ಬಂದ ದಿನವೇ ಎರಡು ಜೆರಾಕ್ಸ್ ಮಾಡಿಸಿ, ತಾರೀಖು ಬರೆದು, ಪಹಣಿ ಇಡುವ ಫೈಲಿನಲ್ಲೇ ಇಟ್ಟುಕೊಳ್ಳಿ.