ಶೆಡ್ಡಿನ ಮಕ್ಕಳಿಗೆ ಜೊತೆಯಾಗಲು ಹೊರಟವರಿಗೆ

ಬೆಂಗಳೂರಿನ ವರ್ತೂರು ಕಡೆ ಕಟ್ಟಡ ಕೆಲಸದವರ ಶೆಡ್ಡುಗಳಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಯಾದಗಿರಿ, ರಾಯಚೂರು ಕಡೆಯ ಮಕ್ಕಳೇ ಜಾಸ್ತಿ. ನಾವೂ ಬರಬಹುದಾ ಎಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ದಿನ, ಹೊತ್ತು ಗಟ್ಟಿ ಮಾಡಿಕೊಳ್ಳಿ. ವಾರಕ್ಕೆ ಒಂದೇ ಗಂಟೆ ಸಾಕು, ಆದರೆ ತಪ್ಪಿಸಬೇಡಿ. ಕೇಕ್ ಹಂಚಿ, ಫೋಟೊ ತೆಗೆದುಕೊಂಡು ಹೋದವರನ್ನು ಈ ಮಕ್ಕಳು ಬೇಕಾದಷ್ಟು ನೋಡಿದ್ದಾರೆ. ಅದಕ್ಕೇ ಹೊಸಬರು ಬಂದರೆ ಮೊದಲು ಕೇಳುವುದು, "ಮುಂದಿನ ವಾರಾನೂ ಬರ್ತೀರೇನ್ರೀ ಅಕ್ಕಾರ?" ಬರಲು ಆಗದಿದ್ದರೆ ಹಿಂದಿನ ವಾರವೇ ಹೇಳಿಬಿಡಿ.

ವಯಸ್ಸು ನೋಡಿ ಪುಸ್ತಕ ಕೊಡಬೇಡಿ. ನಮ್ಮಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬರುತ್ತಾಳೆ. ಅವನನ್ನು ಬಿಟ್ಟು ಬಾ ಅಂದರೆ ಅವಳೂ ಬರುವುದಿಲ್ಲ, ಅಲ್ವಾ? ಅವನಿಗೂ ಒಂದು ಸ್ಲೇಟು, ಬಳಪ ಕೊಟ್ಟೆವು. ಅಂಗಡಿಯ ಚಿಲ್ಲರೆ ಲೆಕ್ಕದಲ್ಲಿ ಅವಳು ಚುರುಕು, ಒತ್ತಕ್ಷರ ಮಾತ್ರ ಬರುತ್ತಿರಲಿಲ್ಲ. ಕಾಗುಣಿತದ ಪುಸ್ತಕ ಬದಿಗಿಟ್ಟು ಬಸ್ಸಿನ ಬೋರ್ಡು ಓದಿಸಿದೆ. ಬೆಳ್ಳಂದೂರು, ದೊಮ್ಮಲೂರು. ಈಗ ಅಮ್ಮನ ಜೊತೆ ಹೊರಟರೆ ಯಾವ ಬಸ್ಸು ಹತ್ತಬೇಕೆಂದು ಅವಳೇ ಹೇಳುತ್ತಾಳೆ. ಇದನ್ನು ಆ ತಾಯಿ ನನಗೆ ಹೇಳುವಾಗಿನ ಖುಷಿಯೇ ಬೇರೆ.

ಆದರೂ ನಿಮ್ಮ ಪಾಠ ಶಾಲೆಗೆ ಬದಲಿಯಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ 2009ರ ಕಾಯ್ದೆ ಕೊಟ್ಟ ಹಕ್ಕು. ಟಿಸಿ ತಡವಾಯಿತು, ಜನನ ಪತ್ರ ಇಲ್ಲ ಅನ್ನುವ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಸೇರಿಸಲು ನೀವೊಬ್ಬರೇ ಹೋಗಬೇಡಿ, ಅಪ್ಪನೋ ಅಮ್ಮನೋ ಜೊತೆಗಿರಲಿ. ಅವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಹಾಗಾಗಿ ಯಾವ ಕಾಗದ ಬೇಕೆಂದು ಮೊದಲೇ ಮುಖ್ಯಶಿಕ್ಷಕರನ್ನು ಕೇಳಿಟ್ಟುಕೊಂಡು, ಒಂದೇ ಓಡಾಟದಲ್ಲಿ ಮುಗಿಸಿ.

ಮಗು ಹೊಡೆತದ ಬಗ್ಗೆಯೋ, ಯಾರೋ ಕೆಟ್ಟದಾಗಿ ಮುಟ್ಟಿದ್ದರ ಬಗ್ಗೆಯೋ ಹೇಳಿದರೆ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಸುಮ್ನೆ ಕೂತು ಪೂರ್ತಿ ಕೇಳಿ. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇದರಲ್ಲಿ ತುಂಬಾ ಕಷ್ಟದ್ದು ಬೇರೆಯೇ ಇದೆ. ಕಟ್ಟಡ ಮುಗಿದರೆ ಶೆಡ್ಡು ಎತ್ತುತ್ತಾರೆ. ಯುಗಾದಿಗೆ ಊರಿಗೆ ಹೋದ ಕುಟುಂಬ ವಾಪಸ್ ಬೇರೆ ಸೈಟಿಗೆ ಹೋಗಬಹುದು. ಈಗಷ್ಟೇ ಓದಲು ಹಿಡಿತ ಸಿಕ್ಕ ಮಗು ಮುಂದಿನ ಭಾನುವಾರ ಇರುವುದಿಲ್ಲ. ಇದಕ್ಕೆ ಮೊದಲ ತಿಂಗಳಿಂದಲೇ ತಯಾರಾಗಿ. ಶಾಲೆಯಲ್ಲಿ ಕೊಟ್ಟ ಸ್ಯಾಟ್ಸ್ ನಂಬರನ್ನು, ಅಂದರೆ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಆ ಮಗುವಿಗಿರುವ ಗುರುತಿನ ನಂಬರನ್ನು, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿ. ಹೊಸ ಶಾಲೆಯವರು ಅದರಿಂದಲೇ ಹಳೆಯ ದಾಖಲೆ ತೆಗೆಯುತ್ತಾರೆ. ಪಕ್ಕದಲ್ಲೇ ನಿಮ್ಮ ಫೋನ್ ನಂಬರ್ ಇರಲಿ. ದೇವನಹಳ್ಳಿ ಕಡೆ ಹೋದ ಹುಡುಗನೊಬ್ಬ ಅಪ್ಪನ ಫೋನಿಂದ ಮಾಡಿ, "ಇಲ್ಲಿ ಸಾಲಿ ಎಲ್ಲಿ ಐತ್ರೀ ಅಕ್ಕಾರ?" ಎಂದು ಕೇಳಿದ. ವಿಚಾರಿಸಿ ಹೇಳಿದೆ. ಈಗ ಅಲ್ಲಿ ಐದನೇ ಕ್ಲಾಸಿನಲ್ಲಿದ್ದಾನೆ.