ಕ್ಷಯದ ಕಾರ್ಡಿನಲ್ಲಿ ಮನಸ್ಸಿಗೂ ಒಂದು ಸಾಲು

ತೂಕ, ಕಫ ಪರೀಕ್ಷೆಯ ಫಲಿತಾಂಶ, ನುಂಗಿದ ಮಾತ್ರೆಗಳ ಲೆಕ್ಕ: ಕ್ಷಯ ರೋಗಿಯ ಕಾರ್ಡಿನಲ್ಲಿ ಇಷ್ಟು ಇದ್ದೇ ಇರುತ್ತದೆ. ಅದರ ಕೆಳಗೆ ನಾನು ನಿದ್ದೆ, ಮನಸ್ಸು, ಕುಡಿತ ಎಂದು ಇನ್ನೊಂದು ಸಾಲು ಸೇರಿಸಿ, ಪ್ರತಿ ಭೇಟಿಯಲ್ಲೂ ತಾರೀಖು ಹಾಕಿ ತುಂಬುತ್ತೇನೆ. ತಾರೀಖೇ ಮುಖ್ಯ. ಬೇಸರ ಮೊದಲೇ ಇತ್ತೋ, ಮಾತ್ರೆ ಶುರುವಾದ ಮೇಲೆ ಬಂತೋ ಎಂದು ಮೂರು ತಿಂಗಳ ನಂತರ ನೆನಪಿನಿಂದ ಹೇಳಲು ರೋಗಿಗೂ ಆಗುವುದಿಲ್ಲ, ನಮಗೂ ಆಗುವುದಿಲ್ಲ.

ಮೊದಲ ಮಾತ್ರೆಗೆ ಮುಂಚೆ, ಮನೆಯವರನ್ನು ಹೊರಗೆ ಕೂರಿಸಿ ಎರಡು ಪ್ರಶ್ನೆ ಕೇಳುತ್ತೇನೆ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿತ್ತೆ? ಮನಸ್ಸು ಕುಗ್ಗಿ, ಮುಂದೆ ಏನೂ ಇಲ್ಲ ಅನ್ನಿಸಿತ್ತೆ? ಇಲ್ಲವೇ ಇಲ್ಲ ಎಂದರೆ 0, ಹೆಚ್ಚುಕಡಿಮೆ ದಿನವೂ ಎಂದರೆ 3. ಎರಡೂ ಸೇರಿ 3 ಮುಟ್ಟಿದರೆ ಖಿನ್ನತೆ ಅಳೆಯುವ ಪ್ರಶ್ನಾವಳಿಯಾದ ಪಿಎಚ್‌ಕ್ಯು-9ರ ಒಂಬತ್ತೂ ಪ್ರಶ್ನೆ. ಅಲ್ಲಿ 27ಕ್ಕೆ 10 ಮುಟ್ಟಿದರೆ ಸುಮ್ಮನಿರುವಂತಿಲ್ಲ. ಮೊದಲ ತಿಂಗಳ ಕೊನೆಗೆ ಮತ್ತೆ ಕೇಳಬೇಕು, ಆಮೇಲೆ ತಿಂಗಳಿಗೊಮ್ಮೆ.

ದಣಿವು, ಹಸಿವಿಲ್ಲದಿರುವುದು, ನಿದ್ದೆಗೇಡು ಇವು ಕ್ಷಯದಲ್ಲೂ ಇವೆ, ಖಿನ್ನತೆಯಲ್ಲೂ ಇವೆ. ಹಾಗಾಗಿ ಆರಂಭದ ಅಂಕ ಉಬ್ಬಿರಬಹುದು. ಇದಕ್ಕೆ ನಾನು ಕೇಳುವ ಪ್ರಶ್ನೆ: "ಈ ಸುಸ್ತು ನಾಳೆ ಬೆಳಿಗ್ಗೆ ಹೋಯಿತು ಅಂತಿಟ್ಟುಕೊಳ್ಳಿ, ಮೊದಲು ಯಾವ ಕೆಲಸಕ್ಕೆ ಕೈ ಹಾಕುತ್ತೀರಿ?" ಬರೀ ಕ್ಷಯದಿಂದ ಸೋತವರು ಥಟ್ಟನೆ ಒಂದು ಕೆಲಸ ಹೇಳುತ್ತಾರೆ. ಖಿನ್ನತೆ ಇರುವವರು ನೆಲ ನೋಡುತ್ತಾರೆ, ಇಲ್ಲವೇ "ಏನು ಮಾಡಿ ಏನಾಗಬೇಕಿದೆ" ಎನ್ನುತ್ತಾರೆ. ಆ ಮಾತು ಬಾಯಿಂದ ಬಂದವರು ಮಾತ್ರೆ ಬಿಡುವ ಅಪಾಯ ಹೆಚ್ಚು.

ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಬೇಕು. ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವತ್ತೇ ಮನೋವೈದ್ಯರಿಗೆ ತೋರಿಸಬೇಕು. ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೈಗೆ ಕೊಡಬಾರದು. ಸ್ವಲ್ಪ ಸ್ವಲ್ಪವೇ ಕೊಟ್ಟು, ಅದನ್ನೂ ಮನೆಯ ಒಬ್ಬರ ಬಳಿ ಇಡಿಸಬೇಕು. ಕ್ಷಯದ ಮಾತ್ರೆಗಳಲ್ಲೊಂದಾದ ಐಸೋನಿಯಾಜಿಡ್ ಅತಿಯಾದರೆ ಬರುವ ಫಿಟ್ಸ್ ಸಾಮಾನ್ಯ ಔಷಧಿಗೆ ಬಗ್ಗದೆ ಹೋಗಬಹುದು. ಅದಕ್ಕೆ ಪಿರಿಡಾಕ್ಸಿನ್ (ವಿಟಮಿನ್ ಬಿ6) ಅನ್ನು ರಕ್ತನಾಳಕ್ಕೆ ಕೊಡಬೇಕಾಗುತ್ತದೆ.

ಇನ್ನು ಮಾತ್ರೆಯಿಂದಲೇ ಬರುವ ತೊಂದರೆ. ಐಸೋನಿಯಾಜಿಡ್ ದೇಹದ ಬಿ6 ಅನ್ನು ಬರಿದುಮಾಡುತ್ತದೆ. ಪೌಷ್ಟಿಕತೆ ಕಡಿಮೆ ಇರುವವರು, ಕುಡಿಯುವವರು, ಮಧುಮೇಹ ಅಥವಾ ಎಚ್ಐವಿ ಇರುವವರು, ಗರ್ಭಿಣಿಯರು ಇವರಿಗೆ ದಿನಕ್ಕೆ 10ರಿಂದ 25 ಮಿ.ಗ್ರಾಂ. ಪಿರಿಡಾಕ್ಸಿನ್ ಜೊತೆಗೇ ಹೋಗಬೇಕು. ಅಂಗಾಲು ಜುಮುಗುಟ್ಟುವುದು ಮೊದಲ ಸೂಚನೆ; ಅಪರೂಪಕ್ಕೆ ಭ್ರಮೆಯೂ ಬರುತ್ತದೆ. ಔಷಧಿ ನಿರೋಧಕ ಕ್ಷಯಕ್ಕೆ ಕೊಡುವ ಸೈಕ್ಲೋಸೆರಿನ್ ಮೇಲೆ ನನ್ನ ಕಣ್ಣು ಎಲ್ಲಕ್ಕಿಂತ ಹೆಚ್ಚು. ಅದರಿಂದ ಖಿನ್ನತೆ, ಭ್ರಮೆ, ಫಿಟ್ಸ್ ಮೂರೂ ಬರಬಹುದು. ಅದು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ಏರಿದರೆ ರಕ್ತದಲ್ಲಿ ಔಷಧಿ ಶೇಖರವಾಗುತ್ತದೆ. ನಿದ್ದೆ ಹಾರಿಹೋಗುವುದು, ಸಣ್ಣದಕ್ಕೆಲ್ಲ ಸಿಡುಕು, ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಎಂಬ ಅನುಮಾನ ಇವು ಮನೆಯವರ ಕಣ್ಣಿಗೇ ಮೊದಲು ಬೀಳುತ್ತವೆ. ಹಾಗಾಗಿ ಅವರಿಗೆ ಇದನ್ನು ಮೊದಲೇ ಹೇಳಿಡುತ್ತೇನೆ. ಅದೇ ಕ್ಷಯದ ಇನ್ನೊಂದು ಔಷಧಿ ಇಥಿಯೋನಮೈಡ್ ತೆಗೆದುಕೊಳ್ಳುವವರು ಮಂಕಾದರೆ ಖಿನ್ನತೆ ಎನ್ನುವ ಮೊದಲು ಥೈರಾಯ್ಡ್‌ನ ರಕ್ತಪರೀಕ್ಷೆ ಟಿಎಸ್ಎಚ್ ನೋಡಬೇಕು. ಆ ಔಷಧಿ ಥೈರಾಯ್ಡ್ ಅನ್ನು ಕುಗ್ಗಿಸುತ್ತದೆ.

ತಲೆನೋವು, ವಾಂತಿ, ಮಂಪರಿನ ಜೊತೆಗೆ ನಡವಳಿಕೆ ಬದಲಾದರೆ ಅದು ಮಿದುಳು ಪೊರೆಯ ಕ್ಷಯವಿರಬಹುದು. ಕಣ್ಣು ಹಳದಿಯಾಗಿ ಗೊಂದಲವಾದರೆ ಯಕೃತ್ತು ಸೋಲುತ್ತಿರಬಹುದು. ಇವರಿಗೆ ಆಪ್ತಸಮಾಲೋಚನೆಯಲ್ಲ, ತುರ್ತು ಚಿಕಿತ್ಸೆ ಬೇಕು.

ಬಹಳ ಕಡೆ ಎಡವುವುದು ಕ್ಷಯದ ಇನ್ನೊಂದು ಮುಖ್ಯ ಔಷಧಿ ರಿಫಾಂಪಿಸಿನ್ ವಿಷಯದಲ್ಲಿ. ಅದು ಇತರ ಔಷಧಿಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಮನೋರೋಗದ ಔಷಧಿಗಳಾದ ಹ್ಯಾಲೊಪೆರಿಡಾಲ್ ಅಥವಾ ಕ್ವೆಟಿಯಾಪಿನ್‌ನಲ್ಲಿ ವರ್ಷಗಟ್ಟಲೆ ಚೆನ್ನಾಗಿದ್ದವರು ಕ್ಷಯದ ಮಾತ್ರೆ ಶುರುವಾದ ಎರಡು ವಾರದ ಸುಮಾರಿಗೆ ಕೆಡುವುದು ಇದರಿಂದ. ರೋಗಿ ಮಾತ್ರೆ ಬಿಟ್ಟಿದ್ದಾರೆ ಎಂದು ಮನೆಯವರು ಬೈಯುತ್ತಾರೆ, ಆದರೆ ಅವರು ಒಂದನ್ನೂ ಬಿಟ್ಟಿರುವುದಿಲ್ಲ. ಖಿನ್ನತೆಯ ಸರ್ಟ್ರಾಲಿನ್, ಆತಂಕಕ್ಕೆ ಕೊಡುವ ಡಯಾಜೆಪಾಮ್ ಬಲವೂ ಹೀಗೆಯೇ ಇಳಿಯುತ್ತದೆ. ಔಷಧಿ ನಿರೋಧಕ ಕ್ಷಯದ ಲೈನೆಝೋಲಿಡ್ ಜೊತೆ ಸರ್ಟ್ರಾಲಿನ್, ಫ್ಲೂಕ್ಸೆಟಿನ್ ತರಹದವು ಸೇರಿದರೆ ನಡುಕ, ಬೆವರು, ಜ್ವರದೊಂದಿಗೆ ಸೆರೊಟೋನಿನ್ (ಮಿದುಳಿನ ಒಂದು ರಾಸಾಯನಿಕ) ಅತಿಯಾಗುವ ಅಪಾಯವಿದೆ. ಫ್ಲೂಕ್ಸೆಟಿನ್ ನಿಲ್ಲಿಸಿದ ಮೇಲೂ ಐದು ವಾರ ದೇಹದಲ್ಲಿ ಉಳಿಯಬಹುದು. ಕ್ಷಯಕ್ಕೆ ಬೆಡಾಕ್ವಿಲಿನ್, ಮಾಕ್ಸಿಫ್ಲಾಕ್ಸಸಿನ್ ನಡೆಯುತ್ತಿರುವಾಗ ಖಿನ್ನತೆಯ ಎಸಿಟಾಲೊಪ್ರಾಮ್ ಅಥವಾ ಹ್ಯಾಲೊಪೆರಿಡಾಲ್ ಬೇಕೆಂದರೆ ಇಸಿಜಿ ಇಲ್ಲದೆ ಬೇಡ; ಇವೆಲ್ಲವೂ ಹೃದಯ ಬಡಿತದ ಲಯ ಕೆಡಿಸಬಲ್ಲವು.

ಔಷಧಿಗೆ ಸಿಗದ ನೋವೂ ಇದೆ. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಿದ ಮನೆಯಲ್ಲಿ ಯಾವ ಮಾತ್ರೆಯೂ ಮನಸ್ಸನ್ನು ಎತ್ತಲಾರದು. ರೋಗಿಯ ಎದುರಿಗೇ ಮನೆಯವರಿಗೆ ಹೇಳುತ್ತೇನೆ: ಕ್ಷಯ ಹರಡುವುದು ಗಾಳಿಯಿಂದ, ಪಾತ್ರೆಯಿಂದಲ್ಲ, ಕಿಟಕಿ ತೆರೆಯಿರಿ, ತಟ್ಟೆ ಬೇರೆ ಮಾಡಬೇಡಿ. ಸರಿಯಾದ ಔಷಧಿ ಶುರುವಾದರೆ ಸೋಂಕು ಹರಡುವ ಶಕ್ತಿ ಬೇಗ ಇಳಿಯುತ್ತದೆ ಎಂಬುದನ್ನೂ ರೋಗಿ ಕೇಳಿಸಿಕೊಳ್ಳಬೇಕು.

ಕೊನೆಯ ಭೇಟಿಯಲ್ಲಿ ಮರೆಯಬಾರದ್ದೊಂದು ಇದೆ. ರಿಫಾಂಪಿಸಿನ್ ಕಾರಣಕ್ಕೆ ಮನೋರೋಗದ ಔಷಧಿಯ ಡೋಸ್ ಏರಿಸಿದ್ದರೆ, ರಿಫಾಂಪಿಸಿನ್ ನಿಂತ ಎರಡು ವಾರಗಳಲ್ಲಿ ಕಿಣ್ವಗಳು ಮೊದಲಿನಂತಾಗಿ ಅದೇ ಡೋಸ್ ಅತಿಯಾಗುತ್ತದೆ. ಇಳಿಸುವ ತಾರೀಖನ್ನು ಕಾರ್ಡಿನಲ್ಲಿ ಬರೆದು, ಮನೋವೈದ್ಯರಿಗೂ ತಿಳಿಸಿದ ಮೇಲೆಯೇ ಕಾರ್ಡ್ ಮುಚ್ಚುತ್ತೇನೆ.