ಮೊಳಕೆ ಜೋಳದಿಂದ ಕಿಣ್ವದ ವೇಗ ಅಳೆದದ್ದು

ಕಿಣ್ವ (ಎಂಜೈಮ್) ಹೆಚ್ಚಿದಷ್ಟೂ ಕ್ರಿಯೆ ಚುರುಕಾಗುತ್ತದೆ ಎಂದು ಪಾಠದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಎಷ್ಟು ಹೆಚ್ಚಿದರೆ ಎಷ್ಟು ಚುರುಕು ಎಂಬುದನ್ನು ಮಕ್ಕಳೇ ಅಳೆಯಬೇಕು ಅನ್ನೋದು ನನ್ನ ಹಟ. ಕುಷ್ಟಗಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಅದಕ್ಕೆ ಬಿಳಿಜೋಳವೇ ಸಾಕಾಯಿತು. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೊ ಡಯಾಸ್ಟೇಸ್ ಬೇರ್ಪಡಿಸಿದ್ದು ಬಾರ್ಲಿ ಮೊಳಕೆಯಿಂದ. ಪಿಷ್ಟ ಒಡೆಯುವ ಆ ಬಗೆಯ ಅಮೈಲೇಸ್ ಜೋಳದ ಮೊಳಕೆಯಲ್ಲೂ ಇದೆ.

ಜೋಳವನ್ನು ರಾತ್ರಿಯೆಲ್ಲ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಮೂರನೇ ದಿನಕ್ಕೆ ಬೇರು ಚೆನ್ನಾಗಿ ಇಳಿದಿರುತ್ತದೆ. ನೆರಳಲ್ಲಿ ಒಣಗಿಸಿ, ಕುಟ್ಟಿ, ತಣ್ಣೀರಲ್ಲಿ ಕಲಸಿ ಅರ್ಧ ಗಂಟೆ ಬಿಡಬೇಕು. ಸೋಸಿದ ಮೇಲೂ ಮೇಲಿನ ತಿಳಿಯನ್ನಷ್ಟೇ ತಗೊಳ್ಳಬೇಕು. ತಳದ ಹಿಟ್ಟು ಬೆರೆತರೆ ಅದರ ಪಿಷ್ಟವೂ ಸೇರಿ ಲೆಕ್ಕ ಕೆಡುತ್ತದೆ. ಕೆಲವು ಕೆಂಪು ಜೋಳಗಳಲ್ಲಿರುವ ಟ್ಯಾನಿನ್ ಕಿಣ್ವವನ್ನು ಕಟ್ಟಿಹಾಕುತ್ತದೆ, ಅದಕ್ಕೇ ಬಿಳಿಯದು. ಈ ಮೊಳಕೆಯನ್ನು ಮಾತ್ರ ಯಾರೂ ಬಾಯಿಗೆ ಹಾಕಬಾರದು. ಜೋಳದ ಎಳೆ ಚಿಗುರಿನಲ್ಲಿ ಸಯನೈಡ್ ಬಿಡುವ ಧುರಿನ್ ಇರುತ್ತದೆ. ಎಳೆ ಜೋಳ ಮೇಯ್ದು ದನ ಸತ್ತ ಸುದ್ದಿ ಕೇಳಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಿಳಿಯನ್ನು ಪೂರ್ತಿ, ಅರ್ಧ, ಕಾಲು, ಅರೆಕಾಲು ಹೀಗೆ ನೀರು ಬೆರೆಸಿ ಇಳಿಸುತ್ತಾ ಹೋದೆವು. ನೂರು ಮಿ.ಲೀ. ನೀರಿಗೆ ಒಂದು ಗ್ರಾಂ ಪಿಷ್ಟ ಹಾಕಿ ಕಾಯಿಸಿ ಆರಿಸಿದ ಗಂಜಿ 5 ಮಿ.ಲೀ., ಅದಕ್ಕೆ ಕಿಣ್ವದ ನೀರು 1 ಮಿ.ಲೀ. ಪಿಷ್ಟ ಎಲ್ಲ ನಳಿಕೆಯಲ್ಲೂ ಅಷ್ಟೇ ಇರುವುದರಿಂದ, ಅದು ಮುಗಿಯಲು ಹಿಡಿದ ಸಮಯವನ್ನು ತಿರುಗಿಸಿದರೆ (1 ಭಾಗಿಸು ಸಮಯ) ವೇಗ ಸಿಗುತ್ತದೆ.

ಬಿಳಿ ಟೈಲ್ಸ್ ಮೇಲೆ ಸಾಲಾಗಿ ಅಯೋಡಿನ್ ಹನಿ ಇಟ್ಟು, ಮೂವತ್ತು ಸೆಕೆಂಡಿಗೊಮ್ಮೆ ನಳಿಕೆಯಿಂದ ಒಂದು ಹನಿ ಬಿಡುವುದು. ಪಿಷ್ಟ ಸಿಕ್ಕರೆ ಅಯೋಡಿನ್ ನೀಲಿಯಾಗುತ್ತದೆ, ಹಾಗಾಗಿ ಮೊದಲದು ಕಡುನೀಲಿ. ನಾಲ್ಕೈದು ಹನಿ ಆಗುವಷ್ಟರಲ್ಲಿ ನೇರಳೆ, ಆಮೇಲೆ ಕೆಂಗಂದು, ಕೊನೆಗೆ ಅಯೋಡಿನ್ನಿನದೇ ಹಳದಿ. “ಸರ್, ನೀಲಿ ಹೋತ್ರೀ!” ಅಂದ ಕೂಡಲೇ ಗಡಿಯಾರ ನೋಡಬೇಕು. ಕುದಿಸಿದ ಕಿಣ್ವ ಹಾಕಿದ ನಳಿಕೆಯಲ್ಲಿ ನೀಲಿ ಕದಲಲೇ ಇಲ್ಲ.

ಕಾಲು ಪಾಲಿಗೆ ಸುಮಾರು ಮೂರು ನಿಮಿಷ, ಅರೆಕಾಲಿಗೆ ಆರು, ಅರ್ಧಕ್ಕೆ ಒಂದೂವರೆ. ಕಿಣ್ವದ ಪಾಲಿಗೆದುರಾಗಿ ವೇಗವನ್ನು ಗ್ರಾಫಿನಲ್ಲಿ ಗುರುತಿಸಿದರೆ ನೇರ ಗೆರೆ. ಪೂರ್ತಿ ತಿಳಿಯ ಬಿಂದು ಮಾತ್ರ ಗೆರೆಯ ಕೆಳಗೆ ಬಿತ್ತು. ಕಿಣ್ವ ಸಾಕಾಗಿ ವೇಗ ನಿಂತಿತು ಎಂದು ಮಕ್ಕಳು ಬರೆಯಹೊರಟರು, ನಾನು ತಡೆದೆ. ಲೆಕ್ಕದ ಪ್ರಕಾರ ಅದು ಮುಕ್ಕಾಲು ನಿಮಿಷದಲ್ಲಿ ಮುಗಿಯಬೇಕು. ಅರ್ಧ ನಿಮಿಷಕ್ಕೊಮ್ಮೆ ನೋಡುವವರಿಗೆ ಅದು ಒಂದು ನಿಮಿಷವಾಗಿಯೇ ಕಾಣುತ್ತದೆ. ಬಾಗಿಸಿದ್ದು ನಮ್ಮ ಅಳತೆ. ಅದಕ್ಕೇ ಹೇಳುವುದು, ಕಿಣ್ವವನ್ನು ನಿಮಗೆ ಸಾಕೆನಿಸಿದ್ದಕ್ಕಿಂತಲೂ ತೆಳು ಮಾಡಿ.

ನಮ್ಮ ಕಡೆ ಇನ್ನೊಂದು ಎಚ್ಚರ ಬೇಕು: ಬಿಸಿಲು. ಕಾವು ಏರಿದರೆ ಕಿಣ್ವವೂ ಚುರುಕಾಗುತ್ತದೆ, ಅಯೋಡಿನ್ನಿನ ನೀಲಿಯೂ ತಾನಾಗಿ ಮಾಸುತ್ತದೆ. ಎಲ್ಲ ನಳಿಕೆಗಳನ್ನೂ ಒಂದೇ ಬಕೆಟ್ ನೀರಲ್ಲಿಟ್ಟು, ಬೆಳಗಿನ ಮೊದಲ ಪಿರಿಯಡ್‌ನಲ್ಲೇ ಮುಗಿಸುತ್ತೇವೆ.